ರಾತ್ರಿ ಆಮೆ ಗೂಡಿಗೆ 100 ವ್ಯಾಟ್ ಸಿರಾಮಿಕ್ ಹೀಟರ್ ಸಾಲುತ್ತಿಲ್ಲ, 150 ಹಾಕಬಹುದಾ?

ಮರಳುದಿಬ್ಬ

ಲೆಪರ್ಡ್ ಆಮೆ, ಎರಡು ವರ್ಷದ್ದು, ಬೆನ್ನುಚಿಪ್ಪಿನ ಉದ್ದ 12 ಸೆಂ.ಮೀ. ಗೂಡು ಮನೆಯೊಳಗೇ ಇದೆ. 12 ಮಿ.ಮೀ. ಪ್ಲೈವುಡ್, 120×60, ಎತ್ತರ 45 ಸೆಂ.ಮೀ., ಮೇಲ್ಗಡೆ ಪೂರ್ತಿ ತೆರೆದದ್ದು. ಹಾಸು 6 ಸೆಂ.ಮೀ. ದಪ್ಪ, ತೆಂಗಿನ ನಾರಿನ ಪುಡಿ. ಹಗಲಿನ ಅಳತೆ ಸರಿಯಿದೆ: ಬಿಸಿ ಬಲ್ಬಿನ ಕೆಳಗೆ 35 ಡಿಗ್ರಿ, ಆ ಕಡೆ ತುದಿಯಲ್ಲಿ 26.

ತಾಪತ್ರಯ ಇರುವುದು ರಾತ್ರಿ. ಚಳಿಗಾಲದಲ್ಲಿ ಬೆಳಗಿನ ಜಾವಕ್ಕೆ ಕೋಣೆ 16ಕ್ಕೆ ಇಳಿಯುತ್ತೆ. 100 ವ್ಯಾಟಿನ ಸಿರಾಮಿಕ್ ಹೀಟರನ್ನು ಅಲ್ಯೂಮಿನಿಯಂ ಶೇಡಿಗೆ ಹಾಕಿ, ಕ್ಲಿಪ್‌ನಿಂದ ಗೂಡಿನ ಅಂಚಿಗೆ ಕಚ್ಚಿಸಿದ್ದೇನೆ, ಹಾಸಿನಿಂದ 30 ಸೆಂ.ಮೀ. ಮೇಲೆ. ಬೆಳಿಗ್ಗೆ ನೋಡಿದರೆ ನೇರ ಕೆಳಗೆ 33, ಅಲ್ಲಿಂದ ಒಂದು ಮೊಳ ಆಚೆ 19. ಹೀಟರಿನ ಕೆಳಗಿನ ಹಾಸು ಒಣಗಿ ಧೂಳಾಗಿದೆ. ಆಮೆ ಮಾತ್ರ ತಣ್ಣನೆಯ ಮೂಲೆಯಲ್ಲೇ ಹೂತುಕೊಂಡು ಮಲಗುತ್ತೆ.

ಕೇಳಬೇಕಾದದ್ದು ಇಷ್ಟು. 150 ವ್ಯಾಟಿನದು ಹಾಕಿದರೆ ಆ 19 ಮೇಲೇಳುತ್ತಾ? ಇಲ್ಲವಾದರೆ ಗೂಡಿನ ಅಡಿಗೆ ಹೀಟ್ ಮ್ಯಾಟ್ ಇಡಲಾ? ಕೆಂಪು ಬಲ್ಬ್ ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ರಾತ್ರಿಯಿಡೀ ಯಾರೂ ನೋಡದೆ ಉರಿಯುವ ವಸ್ತು, ಹಾಗಾಗಿ ಬೆಂಕಿಯ ಭಯವೂ ಇದೆ. ಥರ್ಮೋಸ್ಟಾಟ್ (ಉಷ್ಣತೆ ನೋಡಿ ಹೀಟರನ್ನು ತಾನೇ ಆನ್-ಆಫ್ ಮಾಡುವ ಸಾಧನ) ಇನ್ನೂ ಹಾಕಿಲ್ಲ.

---

ಚಿಪ್ಪುಲೆಕ್ಕ

150 ಬೇಡ. ನಿಮ್ಮಲ್ಲಿ ಶಾಖಕ್ಕೆ ಕೊರತೆಯಿಲ್ಲ, ನಿಲ್ಲಿಸಿಕೊಳ್ಳುವ ಪೆಟ್ಟಿಗೆ ಇಲ್ಲ. ತೆರೆದ ಗೂಡಿನಲ್ಲಿ ಬಿಸಿಗಾಳಿ ನೇರ ಛಾವಣಿಗೆ ಹೋಗುತ್ತೆ, ಉಳಿಯುವುದು ಹೀಟರಿನಿಂದ ನೇರ ಬೀಳುವ ಕಿರಣದ ಶಾಖ ಮಾತ್ರ. ಅದಕ್ಕೇ ಕೆಳಗೆ 33, ಮೊಳದಾಚೆ 19. 150 ಹಾಕಿದರೆ ಕೆಳಗಿನ 33 ಹೋಗಿ 40 ದಾಟುತ್ತೆ, ಆಚೆಯ 19 ಬಹಳ ಅಂದರೆ 20 ಆಗುತ್ತೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಅಳತೆಯ ಪೆಟ್ಟಿಗೆಗೆ ಮುಚ್ಚಳ ಹಾಕಿದರೆ ಆರೂ ಮೈ ಸೇರಿ 3.06 ಚದರ ಮೀಟರ್. 12 ಮಿ.ಮೀ. ಪ್ಲೈವುಡ್ ಮೂಲಕ, ಎರಡೂ ಕಡೆ ನಿಂತ ಗಾಳಿಯ ತಡೆಯನ್ನೂ ಸೇರಿಸಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಹೆಚ್ಚುಕಡಿಮೆ 2.8 ವ್ಯಾಟ್ ಸೋರುತ್ತೆ. ಒಟ್ಟು 8.6. ಸಂದಿ, ಬಾಗಿಲು, ಗಾಳಿಕಂಡಿ ಅಂತ ಇನ್ನೊಂದು 1.2 ಸೇರಿಸಿ, 9.8 ಅಂತಿಟ್ಟುಕೊಳ್ಳಿ. ಕೋಣೆ 16, ಒಳಗೆ 27 ಬೇಕು, ಅಂದರೆ 11 ಡಿಗ್ರಿ ವ್ಯತ್ಯಾಸ. 108 ವ್ಯಾಟ್ ಬೇಕಾಯಿತು. ಬರೀ ಮುಚ್ಚಳ ಹಾಕಿದರೂ ಈಗಿರುವ 100 ವ್ಯಾಟೇ 26ರ ಹತ್ತಿರ ತಂದು ನಿಲ್ಲಿಸುತ್ತೆ, ಆದರೆ ಬಿಡುವಿಲ್ಲದೆ ಉರಿಯುತ್ತಲೇ ಇರಬೇಕು.

ಈಗ ಅದೇ ಪೆಟ್ಟಿಗೆಗೆ ಹೊರಗಿನಿಂದ 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಬೋರ್ಡ್ ಹೊದಿಸಿ (ಮುಟ್ಟಿದರೆ ಗುಂಡು ಗುಂಡಾಗಿ ಉದುರುವ ಥರ್ಮಾಕೋಲ್ ಅಲ್ಲ, ನುಣುಪಾಗಿ ಗಟ್ಟಿಯಾಗಿರುವ ಹಲಗೆ). ಸೋರಿಕೆ ಚದರ ಮೀಟರಿಗೆ 0.92ಕ್ಕೆ ಇಳಿಯುತ್ತೆ. ಒಟ್ಟು 2.8, ಸಂದಿಗಳದ್ದು 1.2, ಸೇರಿ 4. ಹನ್ನೊಂದು ಡಿಗ್ರಿಗೆ 44 ವ್ಯಾಟ್ ಸಾಕು!

ನನ್ನ ಮಟ್ಟಿಗೆ ಇದರಲ್ಲಿ ಕರೆಂಟ್ ಉಳಿತಾಯ ಎರಡನೆಯ ಮಾತು. ಥರ್ಮೋಸ್ಟಾಟ್ ಕೆಟ್ಟು ಹೀಟರ್ ಆನ್ ಆಗಿಯೇ ಉಳಿದ ರಾತ್ರಿ ಏನಾಗುತ್ತೆ ಅನ್ನುವುದು ಮುಖ್ಯ. ವ್ಯಾಟನ್ನು ಆ 4ರಿಂದ ಭಾಗಿಸಿ, ಕೋಣೆಯ ಉಷ್ಣತೆಗೆ ಕೂಡಿ. 150 ವ್ಯಾಟ್: 37 ಕೂಡಿ 16, ಅಂದರೆ 53. ಆಮೆ ಬದುಕುವುದಿಲ್ಲ. 100 ವ್ಯಾಟ್: 41, ಅದೂ ಅಪಾಯವೇ. 60 ವ್ಯಾಟ್: 31. ಬೆಳಿಗ್ಗೆ ಎದ್ದಾಗ ಆಮೆಗೆ ಸ್ವಲ್ಪ ಸೆಕೆಯಾಗಿರುತ್ತೆ, ಅಷ್ಟೆ. ಹಾಗಾಗಿ ಮೊದಲು ಪೆಟ್ಟಿಗೆ ಮುಚ್ಚಿ, ಆಮೇಲೆ ಅದಕ್ಕೆ ಸಾಕಾಗುವ ಅತಿ ಸಣ್ಣ ಹೀಟರ್ ಹುಡುಕಿ. ಸೆಕೆಗಾಲದಲ್ಲಿ ಕೋಣೆಯೇ 25 ಇರುವಾಗ 60 ವ್ಯಾಟೂ ಆನ್ ಆಗಿಯೇ ಉಳಿದರೆ 40 ಮುಟ್ಟುತ್ತೆ. ಆ ದಿನಗಳಲ್ಲಿ ಪ್ಲಗ್ಗೇ ಕಿತ್ತಿಡಿ.

ಫೋಮ್ ಹೊರಗಡೆಯೇ ಇರಲಿ. ಒಳಗಿದ್ದರೆ ಆಮೆ ಕಚ್ಚಿ ತಿನ್ನುತ್ತೆ, ಕರುಳು ಕಟ್ಟಿಕೊಳ್ಳುತ್ತೆ. ಅಡಿಗೂ ಒಂದು ಹಲಗೆ ಮರೆಯಬೇಡಿ. ನೆಲದ ಮೇಲೆ ನೇರ ಕೂತ ಗೂಡಿಗೆ ಮೇಲಿನಿಂದ ಎಷ್ಟು ಸುರಿದರೂ ಆಮೆಯ ಹೊಟ್ಟೆ ತಣ್ಣಗೇ ಇರುತ್ತೆ.

ಮುಚ್ಚಿದ ಮರುದಿನವೇ ಎಲ್ಲರೂ ಎಡವುವ ಜಾಗ ಒಂದಿದೆ: ಹಗಲು. ತೆರೆದ ಗೂಡಿಗೆ ಅಂತ ಹಾಕಿದ 100 ವ್ಯಾಟ್ ಬಿಸಿ ಬಲ್ಬ್ ಮುಚ್ಚಿದ ಪೆಟ್ಟಿಗೆಯಲ್ಲಿ ಒಲೆಯೇ ಸರಿ. ಮುಚ್ಚಳವನ್ನು ಎರಡು ತುಂಡಾಗಿ ಮಾಡಿ ಕೀಲು ಹಾಕಿಸಿ. ಹಗಲು ಬಲ್ಬಿನ ಕಡೆಯ ತುಂಡು ತೆರೆದಿರಲಿ, ಬಲ್ಬ್ ಆರಿದ ಮೇಲೆ ಮುಚ್ಚಿ. ಬಲ್ಬನ್ನು ಹೇಗೂ 40-50 ವ್ಯಾಟಿಗೆ ಇಳಿಸಬೇಕಾಗುತ್ತೆ.

---

ಒಣಹುಲ್ಲು_7

ಇಷ್ಟೆಲ್ಲ ಯಾಕೆ? ಹರ್ಮನ್ ಆಮೆ, ರಷ್ಯನ್ ಆಮೆಗಳಿಗೆ ರಾತ್ರಿ ಹೀಟರ್ರೇ ಬೇಡ. ದೊಡ್ಡದಾದವಕ್ಕೆ 15-16 ಡಿಗ್ರಿ ಏನೂ ಮಾಡುವುದಿಲ್ಲ, ರಾತ್ರಿ ತಂಪು ಇದ್ದರೇ ಒಳ್ಳೆಯದು. ಹಗಲು ಚೆನ್ನಾಗಿ ಕಾಯಿಸಿದರೆ ಸಾಕು.

---

ಎಲೆಹಾಸು

@ಒಣಹುಲ್ಲು_7 ನೀವು ಹೇಳಿದ್ದು ಆ ಜಾತಿಗಳಿಗೆ, ದೊಡ್ಡವಕ್ಕೆ, ಹಾಸು ಒಣಗಿದ್ದಾಗ ಸರಿ. ಅವು ಚಳಿಗಾಲದಲ್ಲಿ ನೆಲದೊಳಗೆ ಹೋಗಿ ನಿದ್ದೆ ಮಾಡುವ ಜಾತಿ. ಲೆಪರ್ಡ್ ಹಾಗಲ್ಲ, ಚಳಿನಿದ್ದೆ ಅದರ ಮೈಯಲ್ಲಿಲ್ಲ. ಸುಲ್ಕಾಟಾ ಆಮೆಯೂ ಅಷ್ಟೆ, ಕೆಂಪುಗಾಲಿನ ಆಮೆಯೂ ಅಷ್ಟೆ. ಎರಡು ವರ್ಷದ ಮರಿ ಬೇರೆ.

ಇಂಥ ಮರಿಗಳಿಗೆ ರಾತ್ರಿ 26-27 ಇರಲಿ, ತೇವಾಂಶ 70-80 ಶೇಕಡಾ. ಬೆಚ್ಚಗೆ ಮತ್ತು ಒದ್ದೆ ಪರವಾಗಿಲ್ಲ, ತಣ್ಣಗೆ ಮತ್ತು ಒಣ ದೊಡ್ಡ ಆಮೆ ತಡೆದುಕೊಳ್ಳುತ್ತೆ. ತಣ್ಣಗೆ ಮತ್ತು ಒದ್ದೆ ಮಾತ್ರ ಯಾವ ಆಮೆಗೂ ಆಗದು, ಉಸಿರಾಟದ ಸೋಂಕು ಶುರುವಾಗುವುದೇ ಅಲ್ಲಿಂದ. ಬೆಚ್ಚಗೆ ಮತ್ತು ಒಣ, ಈಗ ನಿಮ್ಮ ಹೀಟರಿನ ಕೆಳಗಿರುವ ಹಾಗೆ, ಮರಿಯ ಚಿಪ್ಪಿನ ಒಂದೊಂದು ಹಲ್ಲೆಯನ್ನೂ ಗೋಪುರದ ಹಾಗೆ ಎಬ್ಬಿಸುತ್ತೆ. ಒಮ್ಮೆ ಎದ್ದದ್ದು ಮತ್ತೆ ಕೂರುವುದಿಲ್ಲ.

ಮೂಗಿನ ತುದಿಯಲ್ಲಿ ಗುಳ್ಳೆ, ಬಾಯಿ ತೆರೆದು ಕತ್ತು ಚಾಚಿ ಉಸಿರಾಡುವುದು, ಸೀಟಿಯಂಥ ಸದ್ದು ಕಂಡರೆ ಹೀಟರ್ ಏರಿಸಿ ಕಾಯುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಗುಣವಾಗುವ ತನಕ ಹಗಲೂ ರಾತ್ರಿಯೂ 28-30 ಇರಲಿ, ರಾತ್ರಿ ಇಳಿಸುವುದು ಬೇಡ.

ಇನ್ನು ಆಮೆ ತಣ್ಣನೆಯ ಮೂಲೆಯಲ್ಲೇ ಯಾಕೆ ಮಲಗುತ್ತೆ ಅನ್ನುವುದು. ಅದಕ್ಕೆ ಚಳಿ ಇಷ್ಟವೆಂದಲ್ಲ. ಕತ್ತಲಾದ ಮೇಲೆ ಆಮೆ ಮರೆ ಹುಡುಕುತ್ತೆ, ಶಾಖ ಹುಡುಕುವುದಿಲ್ಲ. ಮರೆ ಇರುವ ಜಾಗವನ್ನೇ ಬೆಚ್ಚಗೆ ಮಾಡಬೇಕು.

---

ತಾಮ್ರತಂತಿ

ವೈರಿಂಗ್ ಕಡೆಯಿಂದ ಹೇಳುತ್ತೇನೆ, ಕೇಳಿ. ಮೊದಲು ಆ ಕ್ಲಿಪ್. ಅದನ್ನು ಇವತ್ತೇ ತೆಗೆಯಿರಿ ಸರ್. ಸಿರಾಮಿಕ್ ಹೀಟರಿನ ಮೈ 200 ಡಿಗ್ರಿ ದಾಟುತ್ತೆ, ಬೆಳಕಿಲ್ಲದ್ದರಿಂದ ಆನ್ ಇದೆಯೋ ಆಫ್ ಇದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ಕ್ಲಿಪ್ಪಿನ ಸ್ಪ್ರಿಂಗ್ ಕಾದು ಕಾದು ಸಡಿಲವಾಗುತ್ತೆ. ರಬ್ಬರ್ ತುದಿ ಗಟ್ಟಿಯಾಗಿ ಜಾರುತ್ತೆ. ಬೀಳುವುದು ಎಲ್ಲಿಗೆ? ನೀವೇ ಹೇಳಿದ ಹಾಗೆ ಧೂಳಾಗಿ ಒಣಗಿದ ನಾರಿನ ಪುಡಿಯ ಮೇಲೆ. ಅದು ಭಗ್ಗನೆ ಉರಿಯುವುದಿಲ್ಲ, ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡುತ್ತೆ, ಆಮೇಲೆ ಪ್ಲೈವುಡ್ ಹಿಡಿಯುತ್ತೆ.

ಸಿರಾಮಿಕ್ಕೇ ಇಟ್ಟುಕೊಳ್ಳುವುದಾದರೆ ಸರಪಳಿಯಲ್ಲಿ ತೂಗುಹಾಕಿ. ಕೊಕ್ಕೆ ಗೂಡಿನ ಅಂಚಿಗೆ ಬೇಡ, ಮೇಲೊಂದು ಅಡ್ಡಪಟ್ಟಿಗೆ ತಿರುಪು ಹಾಕಿ. ಆ ಸರಪಳಿಯ ಜೊತೆಗೆ ಬೇರೆ ಕೊಕ್ಕೆಯಿಂದ ಇನ್ನೊಂದು ಸರಪಳಿಯೋ ಉಕ್ಕಿನ ತಂತಿಯೋ ಸಡಿಲವಾಗಿ ಇರಲಿ, ಮೊದಲನೆಯದು ಬಿಟ್ಟರೆ ಹಿಡಿಯುವುದಕ್ಕೆ. ವೈರೇ ಭಾರ ಹೊರುವ ಹಾಗೆ ಎಂದೂ ತೂಗುಹಾಕಬಾರದು. ಹೀಟರಿನ ಸುತ್ತ ತಂತಿಬಲೆ ಇರಲಿ.

ಹೋಲ್ಡರ್ ಪಿಂಗಾಣಿಯದ್ದೇ ಆಗಬೇಕು. ಬೇಕಲೈಟ್, ಪ್ಲಾಸ್ಟಿಕ್ ಹೋಲ್ಡರಿನ ಮೇಲೆ 60 ವ್ಯಾಟ್ ಅಂತ ಬರೆದಿದ್ದರೂ ಅದು ಬಲ್ಬಿಗೆ ಬರೆದ ಮಾತು, ಹೀಟರಿಗಲ್ಲ. ಮೊದಲು ಕಂದು ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಪುಡಿಯಾಗುತ್ತೆ, ಕೊನೆಗೆ ಒಳಗಿನ ಹಿತ್ತಾಳೆ ತುಂಡುಗಳು ಒಂದಕ್ಕೊಂದು ತಾಗುತ್ತವೆ. ಹೋಲ್ಡರಿನಿಂದ ಹೊರಡುವ ಮೊದಲ 30 ಸೆಂ.ಮೀ. ವೈರು ಸಿಲಿಕಾನ್ ಹೊದಿಕೆಯದ್ದೋ ಗಾಜಿನ ನಾರಿನ ತೋಳು ಹಾಕಿದ್ದೋ ಇರಲಿ. ಸಾಮಾನ್ಯ ಪಿವಿಸಿ ವೈರು ಆ ಬಿಸಿಗೆ ಕಡ್ಡಿಯ ಹಾಗೆ ಒಣಗಿ ಬಿರಿಯುತ್ತೆ. ತಿರುಪಿನ ಹೋಲ್ಡರಿನಲ್ಲಿ ಫೇಸ್ ವೈರ್ ನಡುವಿನ ತುದಿಗೆ, ನ್ಯೂಟ್ರಲ್ ತಿರುಪಿನ ಭಾಗಕ್ಕೆ. ತಿರುಗಾಮುರುಗಾ ಆದರೂ ಹೀಟರ್ ಕಾಯುತ್ತೆ, ಆದರೆ ಅದನ್ನು ತಿರುಗಿಸಿ ಬಿಚ್ಚುವಾಗ ಬೆರಳಿಗೆ ಫೇಸ್ ಸಿಗುತ್ತೆ. ಅಲ್ಯೂಮಿನಿಯಂ ಶೇಡಿಗೆ ಅರ್ತ್ ಕೊಡಿ.

ಗೂಡಿಗೆ ಕರೆಂಟ್ ಕೊಡುವ ಪಾಯಿಂಟು, ಕರೆಂಟ್ ಸೋರಿದೊಡನೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿಯ ಹಿಂದೆ ಇರಬೇಕು. ನೀರಿನ ಬಟ್ಟಲು, ಸ್ಪ್ರೇ, ಆಮೆಯ ಉಚ್ಚೆ, ಎಲ್ಲಾ ಇರುವ ಜಾಗ ಅದು. ವೈರು ಪ್ಲಗ್ಗಿಗೆ ಬರುವ ಮುನ್ನ ಒಂದು ಕಡೆ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರಲಿ, ಹರಿದ ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸಬೇಡಿ. ಇಲ್ಲಿ ಲೋಡ್ ಕಡಿಮೆಯೇ, ಆದರೆ ತಿಂಗಳುಗಟ್ಟಲೆ ಅಲ್ಲಾಡದೆ ಉರಿಯುವ ಸಡಿಲ ಪಿನ್ ಸುಡುವುದಕ್ಕೆ ದೊಡ್ಡ ಲೋಡೇ ಬೇಕಿಲ್ಲ. ವಾರಕ್ಕೊಮ್ಮೆ ಪ್ಲಗ್ಗಿನ ಬೆನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಾಕೆಟ್ ಬದಲಿಸಿ.

ಗೂಡಿರುವ ಕೋಣೆಯ ಛಾವಣಿಯಲ್ಲಿ ಹೊಗೆ ಅಲಾರಂ. ಇದರಲ್ಲಿ ಚರ್ಚೆಯಿಲ್ಲ.

ಮುಚ್ಚಿದ 45 ಸೆಂ.ಮೀ. ಪೆಟ್ಟಿಗೆಗೆ ಆದರೆ ನಾನು ಸಿರಾಮಿಕ್ ಹಾಕುವುದಿಲ್ಲ. ಮರಕ್ಕೂ ಹಾಸಿಗೂ ಚಿಪ್ಪಿಗೂ ಬಿಡಬೇಕಾದಷ್ಟು ಜಾಗ ಅಲ್ಲಿ ಸಿಗುವುದಿಲ್ಲ. ರೇಡಿಯಂಟ್ ಪ್ಯಾನೆಲ್ ತೆಗೆದುಕೊಳ್ಳಿ. ತೆಳು ಹಲಗೆಯ ಹಾಗಿರುತ್ತೆ, ಮುಚ್ಚಳದ ಒಳಮೈಗೆ ತಿರುಪಿನಿಂದ ಕೂರುತ್ತೆ. ಅದೇ ವ್ಯಾಟನ್ನು ಅಗಲವಾದ ಮೈಯಿಂದ ಬಿಡುವುದರಿಂದ ಸಿರಾಮಿಕ್ಕಿನ ಹಾಗೆ ಸುಡುವಷ್ಟು ಬಿಸಿಯಾಗುವುದಿಲ್ಲ, ಹಾಸನ್ನೂ ಅಷ್ಟು ಒಣಗಿಸುವುದಿಲ್ಲ. ಪ್ಯಾನೆಲ್ಲಿನ ತೂಕಕ್ಕೆ ಅಂಟು ಸಾಲದು, ತಿರುಪೇ ಆಗಬೇಕು. ಅದರ ಜೊತೆ ಬಂದ ಹಾಳೆಯಲ್ಲಿ ಹೇಳಿದ ರಂಧ್ರಗಳನ್ನು ಬಿಟ್ಟು ಬೇರೆಲ್ಲೂ ತೂತು ಕೊರೆಯಬೇಡಿ, ಒಳಗಿನ ತಂತಿ ಕತ್ತರಿಸುತ್ತೆ.

---

ಹೊಟ್ಟೆಚಿಪ್ಪು

ಮ್ಯಾಟ್ ಮತ್ತು ಕೆಂಪು ಬಲ್ಬಿನ ಬಗ್ಗೆ ಯಾರೂ ಉತ್ತರಿಸಿಲ್ಲ.

ಮ್ಯಾಟ್ ಅಡಿಗೆ ಬೇಡ. ಸೆಕೆಯಾದಾಗ ಆಮೆ ಮಾಡುವುದು ಒಂದೇ: ನೆಲ ತೋಡಿ ಕೆಳಕ್ಕಿಳಿಯುವುದು. ಕೆಳಗೆ ತಂಪಿರುತ್ತೆ ಅನ್ನುವುದು ಅದರ ಹುಟ್ಟು ತಿಳಿವು. ಅಡಿಯಲ್ಲೇ ಹೀಟರ್ ಇದ್ದರೆ ತಪ್ಪಿಸಿಕೊಳ್ಳಲು ಹೊರಟದ್ದು ನೇರ ಕಾವಲಿಯ ಮೇಲೇ ಹೋಗಿ ಕೂರುತ್ತೆ. ಹೊಟ್ಟೆಚಿಪ್ಪು ಗಂಟೆಗಟ್ಟಲೆ ಒತ್ತಿಕೊಂಡಿರುತ್ತೆ, ಸುಟ್ಟ ಗಾಯ ವಾರ ಕಳೆದ ಮೇಲೆ ಕಣ್ಣಿಗೆ ಬೀಳುತ್ತೆ. ಇನ್ನೊಂದು ಕಡೆಯಿಂದ ನೋಡಿದರೆ 6 ಸೆಂ.ಮೀ. ಹಾಸು ಮ್ಯಾಟಿನ ಮೇಲೆ ಕಂಬಳಿ ಹೊದಿಸಿದ ಹಾಗೆ. ಶಾಖ ಮೇಲೆ ಬರುವುದಿಲ್ಲ, ಮ್ಯಾಟೇ ಕಾದು ಕೂರುತ್ತೆ. ಬಿಸಿ ಕಲ್ಲು ಅಂತ ಮಾರುವ ವಸ್ತುವಿಗೂ ಇದೇ ಮಾತು.

ಕೆಂಪು ಬಲ್ಬು ಕತ್ತಲೆಯಲ್ಲ. ಆಮೆಗೆ ಕೆಂಪು ಚೆನ್ನಾಗಿಯೇ ಕಾಣುತ್ತೆ, ಕೆಂಪು ಹೂವನ್ನೋ ಹಣ್ಣನ್ನೋ ಕಂಡರೆ ಓಡಿ ಬರುವುದನ್ನು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ರಾತ್ರಿಯಿಡೀ ಕೆಂಪು ಬೆಳಕಿದ್ದರೆ ನಿದ್ದೆ ಕೆಡುತ್ತೆ, ಮೇವು ಇಳಿಯುತ್ತೆ. ಬೆಳದಿಂಗಳ ಬಲ್ಬ್ ಅಂತ ಬರುವ ನೀಲಿಯದ್ದೂ ಬೇಡ. ರಾತ್ರಿಗೆ ಬೆಳಕಿಲ್ಲದ ಶಾಖ ಮಾತ್ರ. ಯುವಿ ದೀಪವೂ ಆರಿರಬೇಕು.

ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಹಾಕಬೇಡಿ. ಮೂರು ಬಗೆ ಸಿಗುತ್ತೆ. ಆನ್-ಆಫ್: ಸರಳ, ಒಂದೆರಡು ಡಿಗ್ರಿ ಏರಿಳಿತ ಇರುತ್ತೆ, ಸಿರಾಮಿಕ್ಕಿಗೂ ಪ್ಯಾನೆಲ್ಲಿಗೂ ಆಗುತ್ತೆ. ಪಲ್ಸ್: ಕರೆಂಟನ್ನು ತುಂಡು ತುಂಡಾಗಿ ಕಳಿಸಿ ಒಂದೇ ಮಟ್ಟದಲ್ಲಿಡುತ್ತೆ, ಬೆಳಕು ಕೊಡುವ ಬಲ್ಬಿಗೆ ಹಾಕಿದರೆ ಮಿಣುಕುತ್ತೆ. ಡಿಮ್ಮರ್ ಬಗೆ: ಸಿರಾಮಿಕ್ಕಿಗೂ ಪ್ಯಾನೆಲ್ಲಿಗೂ ಬಿಸಿ ಬಲ್ಬಿಗೂ ಆಗುತ್ತೆ. ಯಾವುದೇ ಆಗಲಿ, ಅದರ ಮೇಲೆ ಬರೆದ ಗರಿಷ್ಠ ವ್ಯಾಟ್ ನಿಮ್ಮ ಹೀಟರಿಗಿಂತ ಹೆಚ್ಚಿರಬೇಕು.

ಸೆನ್ಸರ್ ಎಲ್ಲಿಡುತ್ತೀರಿ ಅನ್ನುವುದರ ಮೇಲೆ ಅರ್ಧ ಆಟ ನಿಂತಿದೆ. ಹೀಟರಿನ ನೇರ ಕೆಳಗಿಟ್ಟರೆ ಬೇಗ ಬಿಸಿಯಾಗಿ ಆಫ್ ಮಾಡುತ್ತೆ, ಉಳಿದ ಗೂಡು ತಣ್ಣಗಿರುತ್ತೆ. ದೂರದ ತುದಿಯಲ್ಲಿಟ್ಟರೆ ಅಲ್ಲಿ 27 ಆಗುವ ಹೊತ್ತಿಗೆ ಇಲ್ಲಿ ಬೆಂದಿರುತ್ತೆ. ಆಮೆ ಮಲಗುವ ಜಾಗದ ಅಂಚಿನಲ್ಲಿ, ಚಿಪ್ಪಿನ ಎತ್ತರಕ್ಕೆ, ಅಂದರೆ ನಿಮ್ಮ ಮರಿಗೆ ಹಾಸಿನಿಂದ 6-7 ಸೆಂ.ಮೀ. ಮೇಲೆ, ಗೋಡೆಗೆ ಕ್ಲಾಂಪ್ ಹಾಕಿ ಕೂರಿಸಿ. ಮೇಲೆ ತೂತುಗಳಿರುವ ಒಂದು ಪ್ಲಾಸ್ಟಿಕ್ ಕಪ್ ಮುಚ್ಚಿ ತಿರುಪು ಹಾಕಿದರೆ ಆಮೆ ಎಳೆಯುವುದಿಲ್ಲ. ಬರೀ ಟೇಪಿನಲ್ಲಿ ಅಂಟಿಸಿದ ಸೆನ್ಸರ್ ತೇವಕ್ಕೆ ಬಿಚ್ಚಿಕೊಳ್ಳುತ್ತೆ. ಅದು ಒದ್ದೆ ಹಾಸಿನೊಳಗೆ ಹೂತುಹೋದರೆ ಅಥವಾ ಮುಚ್ಚಳ ತೆರೆಯುವಾಗ ವೈರು ಸಿಕ್ಕಿ ಹೊರಗೆ ಬಿದ್ದರೆ, ಥರ್ಮೋಸ್ಟಾಟ್ ಕೋಣೆಯನ್ನು 27 ಮಾಡುವುದಕ್ಕೆ ಹೊರಡುತ್ತೆ. ಹೀಟರ್ ಆರುವುದೇ ಇಲ್ಲ. ಆಮೆ ಬೇಯುವ ಅವಘಡಗಳ ಹಿಂದೆ ಹುಡುಕಿದರೆ ಕೆಟ್ಟ ಥರ್ಮೋಸ್ಟಾಟ್ ಒಂದೇ ಇರುವುದಿಲ್ಲ, ಜಾಗ ಬಿಟ್ಟ ಸೆನ್ಸರೂ ಇರುತ್ತೆ.

ಎರಡನೆಯ ಥರ್ಮೋಸ್ಟಾಟನ್ನು ಮೊದಲನೆಯದರ ಜೊತೆ ಸರಣಿಯಲ್ಲಿ ಹಾಕಿ. ಗೋಡೆಯ ಪ್ಲಗ್ಗಿನಿಂದ ಎರಡನೆಯದಕ್ಕೆ, ಅದರಿಂದ ಮೊದಲನೆಯದಕ್ಕೆ, ಅಲ್ಲಿಂದ ಹೀಟರಿಗೆ. ಮೊದಲನೆಯದು 27ಕ್ಕೆ, ಎರಡನೆಯದು 31ಕ್ಕೆ. ಎರಡನೆಯದು ದಿನವೂ ಕೆಲಸ ಮಾಡುವುದೇ ಇಲ್ಲ, ಸುಮ್ಮನೆ ಆನ್ ಆಗಿ ಕೂತಿರುತ್ತೆ. ಮೊದಲನೆಯದರ ರಿಲೇ (ಒಳಗಿನ ಸ್ವಿಚ್) ಆನ್ ಆಗಿಯೇ ಅಂಟಿಕೊಂಡ ದಿನ ಅದರ ಪಾಳಿ. ಅದಕ್ಕೆ ಬೇರೆ ಸೆನ್ಸರ್, ಬೇರೆ ಗೋಡೆಯ ಮೇಲೆ. ಇದು ಸರಳ ಆನ್-ಆಫ್ ಬಗೆಯದೇ ಇರಲಿ, ಇನ್ನೊಂದು ಥರ್ಮೋಸ್ಟಾಟಿಗೆ ಕತ್ತರಿಸಿದ ಕರೆಂಟ್ ಹೋಗಬಾರದು.

---

ಮರಳುದಿಬ್ಬ

ಎಲ್ಲರಿಗೂ ಧನ್ಯವಾದ. ಕ್ಲಿಪ್ ತೆಗೆದಾಯಿತು. ಎರಡು ತುಂಡಿನ ಮುಚ್ಚಳ, ಹೊರಗೆ 25 ಮಿ.ಮೀ. ಫೋಮ್, 60 ವ್ಯಾಟ್ ಪ್ಯಾನೆಲ್, ಎರಡು ಥರ್ಮೋಸ್ಟಾಟ್ ಅಂತ ತೀರ್ಮಾನ. ಆದರೆ ಎರಡು ಅನುಮಾನ ಉಳಿದಿವೆ. ಪೂರ್ತಿ ಮುಚ್ಚಿದರೆ ಒಳಗೆ ಬೂಷ್ಟು ಬರುವುದಿಲ್ಲವೇ? ಮತ್ತೆ ರಾತ್ರಿ ಕರೆಂಟ್ ಹೋದರೆ? ಇನ್ವರ್ಟರಿಗೆ ಹಾಕಬಹುದಾ?

---

ಎಲೆಹಾಸು

ಬೂಷ್ಟು ಶುರುವಿನ ಎರಡು ಮೂರು ವಾರ ಅಲ್ಲಲ್ಲಿ ಬರಬಹುದು. ತಿನ್ನದೆ ಬಿಟ್ಟ ಸೊಪ್ಪನ್ನು ಸಂಜೆಯೇ ತೆಗೆದರೆ ಮುಕ್ಕಾಲು ಭಾಗ ನಿಲ್ಲುತ್ತೆ. ನೀರನ್ನು ಮೇಲಿನಿಂದ ಚಿಮುಕಿಸಬೇಡಿ. ನಾಲ್ಕು ಮೂಲೆಯಲ್ಲಿ ಹಾಸನ್ನು ಬೆರಳಿನಿಂದ ಸರಿಸಿ, ಮೂಲೆಗೆ ಒಂದು ಲೋಟದಂತೆ ಬೆಚ್ಚನೆಯ ನೀರು ಹುಯ್ಯಿರಿ. ತಳ ಒದ್ದೆ, ಮೇಲ್ಪದರ ಬರೀ ತುಸು ತೇವ, ಹಾಗಿರಬೇಕು. ತಳದಿಂದ ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಹೊಟ್ಟೆಚಿಪ್ಪು ಕೊಳೆಯುತ್ತೆ. ಪ್ಲೈವುಡ್ಡಿನ ಒಳಮೈಗೂ ಹಲಗೆ ಕೂಡುವ ಸಂದಿಗಳಿಗೂ ನೀರು ತಡೆಯುವ ಲೇಪ ಮೊದಲೇ ಹಚ್ಚಿ, ವಾಸನೆ ಪೂರ್ತಿ ಹೋಗುವ ತನಕ ಗಾಳಿಗಿಡಿ. ಗಾಳಿಕಂಡಿ ಅಂತ ಎದುರುಬದುರು ಗೋಡೆಯಲ್ಲಿ, ಒಂದು ಕೆಳಗೆ ಒಂದು ಮೇಲೆ, 25 ಮಿ.ಮೀ.ನ ಎರಡೆರಡು ತೂತು ಸಾಕು. ಕೆಳಗಿನ ತೂತು ಆಮೆ ಮಲಗುವ ಜಾಗಕ್ಕೆ ನೇರ ಇರಬಾರದು, ರಾತ್ರಿಯಿಡೀ ಶೀತಗಾಳಿ ಮೂಗಿಗೇ ಹೊಡೆಯುತ್ತೆ.

ಹಾಸನ್ನು ಈಗಿನ 6ರಿಂದ 8-10 ಸೆಂ.ಮೀ.ಗೆ ಏರಿಸಿ. ಒದ್ದೆ ಹಾಸು ಶಾಖವನ್ನು ಕೂಡಿಟ್ಟುಕೊಳ್ಳುತ್ತೆ, ಕರೆಂಟ್ ಹೋದಾಗ ಅದೇ ನಿಮ್ಮ ಮೊದಲ ಆಸರೆ.

---

ಚಿಪ್ಪುಲೆಕ್ಕ

ಕರೆಂಟಿನ ಪ್ರಶ್ನೆಗೆ. ಫೋಮ್ ಹೊದಿಸಿ ಮುಚ್ಚಿದ ಪೆಟ್ಟಿಗೆ, ಒಳಗೆ ನಲವತ್ತು ಐವತ್ತು ಲೀಟರ್ ಒದ್ದೆ ಹಾಸು, ಹೊರಗೆ 16 ಡಿಗ್ರಿ. ಮೂರು ಗಂಟೆ ಕರೆಂಟ್ ಇಲ್ಲದಿದ್ದರೆ ಅಂದಾಜು 4-5 ಡಿಗ್ರಿ ಇಳಿಯುತ್ತೆ. 27 ಹೋಗಿ 22 ಆಯಿತು. ಆರೋಗ್ಯವಾಗಿರುವ ಮರಿಗೆ ಒಂದು ರಾತ್ರಿಯ ಮಟ್ಟಿಗೆ ಅದು ಏನೂ ಅಲ್ಲ. ಮಾಡಬೇಕಾದ ಕೆಲಸ ಒಂದೇ: ಪದೇ ಪದೇ ಮುಚ್ಚಳ ತೆರೆದು ನೋಡದಿರುವುದು. ಗೂಡಿನ ಮೇಲೆ ಕಂಬಳಿ ಹೊದಿಸಬಹುದು, ಆದರೆ ಹೀಟರಿನ ಪ್ಲಗ್ ಕಿತ್ತ ಮೇಲೆ. ಕಂಬಳಿ ಇರುವಾಗಲೇ ಕರೆಂಟ್ ಬಂದುಬಿಟ್ಟರೆ ಕಷ್ಟ.

ಇಡೀ ರಾತ್ರಿ ಹೋಗುವ ಸಂಭವ ಇದ್ದರೆ ಇನ್ವರ್ಟರಿಗೆ ಧಾರಾಳ ಹಾಕಬಹುದು. ಸರಾಸರಿ 44 ವ್ಯಾಟ್, 8 ಗಂಟೆ, 352 ವ್ಯಾಟ್-ಗಂಟೆ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಲೆಡ್ ಬ್ಯಾಟರಿಯಲ್ಲಿ ಬಾಳಿಕೆ ಕೆಡದಂತೆ ಅರ್ಧ ತೆಗೆದರೆ 600, ಇನ್ವರ್ಟರಿನ ನಷ್ಟ ಕಳೆದು 500. ಸಾಕು. ತೆರೆದ ಗೂಡಿಗೆ 100 ವ್ಯಾಟ್ ಸಿರಾಮಿಕ್ ಉರಿಸುತ್ತಿದ್ದರೆ ಅದೇ ಬ್ಯಾಟರಿ 5 ಗಂಟೆಗೆ ಮುಗಿಯುತ್ತಿತ್ತು.

ಅದೂ ಇಲ್ಲವಾದರೆ ಬಿಸಿನೀರಿನ ಬಾಟಲಿ. ಒಂದು ಲೀಟರಿನ ಎರಡು, ನೀರು 45 ಡಿಗ್ರಿ, ಬಿರಡೆ ಬಿಗಿಯಾಗಿ ತಿರುಗಿಸಿ, ದಪ್ಪ ಟವೆಲಿನಲ್ಲಿ ಸುತ್ತಿ. ಆಮೆಗೆ ಒತ್ತಿ ಇಡಬೇಡಿ, ಒಂದು ಗೇಣು ದೂರ ಇರಲಿ. ಕುದಿನೀರು ಬೇಡ. ತಣ್ಣಗಾದ ಬಾಟಲಿಯನ್ನು ಒಳಗೇ ಮರೆತರೆ ಅದು ಉಲ್ಟಾ ಶಾಖ ಹೀರುತ್ತೆ, ತೆಗೆದುಬಿಡಿ. ಬೆಳಿಗ್ಗೆ ಗೂಡು 18-19ಕ್ಕೆ ಇಳಿದಿದ್ದರೆ ಆಮೆ ಹಗಲಿನ ಬಿಸಿಯಲ್ಲಿ ಕಾದು ಓಡಾಡಲು ಶುರುಮಾಡುವ ತನಕ ಮೇವು ಕೊಡಬೇಡಿ. ಮೈ ತಣ್ಣಗಿದ್ದಾಗ ಹೊಟ್ಟೆಯೊಳಗಿನದ್ದು ಅರಗುವುದಿಲ್ಲ, ಕೊಳೆಯುತ್ತೆ.

---

ಹೊಟ್ಟೆಚಿಪ್ಪು

ಎಲ್ಲಾ ಜೋಡಿಸಿದ ಮೇಲೆ ಮರಿಯನ್ನು ಅದೇ ದಿನ ಬಿಡಬೇಡಿ. ಎರಡು ರಾತ್ರಿ ಖಾಲಿ ಗೂಡು ಓಡಲಿ.

ಪ್ಯಾನೆಲ್ಲಿನ ಕೆಳಗೆ ಆಮೆಯಷ್ಟೇ ಎತ್ತರದ, 6-7 ಸೆಂ.ಮೀ.ನ ಒಂದು ಕಪ್ಪನೆಯ ಉರುಟು ಕಲ್ಲಿಡಿ. ಎರಡು ಗಂಟೆ ಬಿಟ್ಟು ಇನ್ಫ್ರಾರೆಡ್ ಗನ್ನಿನಿಂದ ಕಲ್ಲಿನ ನೆತ್ತಿಗೆ ಹಿಡಿದು ಓದಿ. ಗಾಳಿಯ ಥರ್ಮಾಮೀಟರ್ 27 ಅಂತ ತೋರಿಸುತ್ತಿರುವಾಗಲೇ ಕಲ್ಲಿನ ನೆತ್ತಿ 38 ಇರಬಹುದು. ಚಿಪ್ಪಿನ ನೆತ್ತಿಗೆ ತಗಲುವುದು ಗಾಳಿಯ 27 ಅಲ್ಲ, ಆ 38. ರಾತ್ರಿ ಅದು 33-34 ಮೀರದಂತೆ ನೋಡಿಕೊಳ್ಳಿ, ಮೀರಿದರೆ ಪ್ಯಾನೆಲ್ ಕೆಳಗಿನ ಹಾಸನ್ನು ತಗ್ಗಿಸಿ ಅಥವಾ ಸಣ್ಣ ವ್ಯಾಟಿಗೆ ಹೋಗಿ. ಮರಿ ಬೆಳೆದ ಹಾಗೆ ನೆತ್ತಿ ಪ್ಯಾನೆಲ್ಲಿಗೆ ಹತ್ತಿರವಾಗುತ್ತೆ, ಆರು ತಿಂಗಳಿಗೊಮ್ಮೆ ಎತ್ತರ ಕಲ್ಲು ಇಟ್ಟು ಮತ್ತೆ ಅಳೆಯಿರಿ.

ಎರಡನೆಯ ರಾತ್ರಿ ಕಟ್-ಆಫ್ ಪರೀಕ್ಷೆ. ಮೊದಲನೆಯ ಥರ್ಮೋಸ್ಟಾಟನ್ನು ಬೇಕೆಂದೇ 35ಕ್ಕೆ ಏರಿಸಿ, ಎರಡನೆಯದನ್ನು 31ರಲ್ಲೇ ಬಿಡಿ. ಚಳಿ ರಾತ್ರಿ 60 ವ್ಯಾಟಿಗೆ 31 ಮುಟ್ಟುವುದೇ ಕಷ್ಟ, ಹಾಗಾಗಿ ಕೋಣೆ ಬೆಚ್ಚಗಿರುವ ಹೊತ್ತಿನಲ್ಲಿ ಮಾಡಿ, ಇಲ್ಲವೇ ಎರಡನೆಯದನ್ನು ಆ ಹೊತ್ತಿಗೆ ಮಾತ್ರ 25ಕ್ಕಿಳಿಸಿ. ಪ್ಯಾನೆಲ್ ತಣ್ಣಗಾಯಿತಾ ಅಂತ ಗನ್ನಿನಲ್ಲಿ ನೋಡಿ. ಥರ್ಮೋಸ್ಟಾಟಿನ ದೀಪ ಆರಿತು ಅಂತ ನಂಬಬೇಡಿ, ರಿಲೇ ಅಂಟಿದ್ದರೂ ದೀಪ ಆರುತ್ತೆ.

ಥರ್ಮೋಸ್ಟಾಟುಗಳಿಗೆ ಸಂಬಂಧವಿಲ್ಲದ ಒಂದು ಮಿನ್-ಮ್ಯಾಕ್ಸ್ ಥರ್ಮಾಮೀಟರ್ (ಅತಿ ಕಡಿಮೆ, ಅತಿ ಹೆಚ್ಚು ಉಷ್ಣತೆ ಎರಡನ್ನೂ ನೆನಪಿಡುವಂಥದ್ದು) ಒಳಗಿರಲಿ. ಬೆಳಿಗ್ಗೆ ಎರಡೂ ಅಂಕೆ ನೋಡಿ, ಗುಂಡಿ ಒತ್ತಿ ಅಳಿಸಿ. ಮಿನ್ 25ಕ್ಕಿಂತ ಕೆಳಗಿದ್ದರೆ ಎಲ್ಲೋ ಸಂದಿ ಬಿಟ್ಟಿದೆ, ಮುಚ್ಚಳದ ಅಂಚಿಗೆ ಒದ್ದೆ ಕೈ ಹಿಡಿದರೆ ಗಾಳಿ ನುಸುಳುವುದು ಗೊತ್ತಾಗುತ್ತೆ. ಮ್ಯಾಕ್ಸ್ 30 ದಾಟಿದ್ದರೆ ಆಮೆಯನ್ನು ಎತ್ತಿ ಬೇರೆ ಕಡೆ ಇಟ್ಟು, ಸೆನ್ಸರ್ ಜಾಗದಲ್ಲಿದೆಯಾ ಅಂತ ಮೊದಲು ನೋಡಿ.